ನಾನು ಅರ ಹಾಕಿದ ಗಾಂಧಾರ

ನಿವೃತ್ತನಾದ ಮೇಲೆ ಕಡಲ ದಂಡೆಯಲ್ಲಿ ನೆಮ್ಮದಿಯಾಗಿ ವಾಕ್ ಮಾಡಿಕೊಂಡಿರಲಿ ಎಂದು ಮಗಳು ನನ್ನನ್ನೂ ನನ್ನ ಹೆಂಡತಿ ವನಜಳನ್ನೂ ಬ್ರಿಸ್ಬೇನ್‌ನಿಂದ ಅಡಿಲೇಡ್‌ನ ಗ್ಲೆನೆಲ್ಗ್‌ಗೆ ಕರೆಸಿಕೊಂಡಳು. ವಾಕ್ ಮಾಡುತ್ತೇನೆ, ಸುಳ್ಳಲ್ಲ. ಆದರೆ ಜೆಟ್ಟಿಯ ತುದಿ ಮುಟ್ಟಿ ಬಂದರೆ ಸಮಾಧಾನವಿಲ್ಲ, ಮತ್ತೆ ಹೋಗುತ್ತೇನೆ. ಸುಮ್ಮನೆ ಟ್ರಾಮ್ ಹತ್ತಿ ಸಿಟಿಗೆ ಹೋಗಿ ಇಳಿಯದೆ ವಾಪಸು ಬರುತ್ತೇನೆ. ಮನೆಗೆ ಬಂದು, ಚೆನ್ನಾಗಿಯೇ ಇರುವ ನಲ್ಲಿಯನ್ನು ಬಿಚ್ಚಿ ಜೋಡಿಸುತ್ತೇನೆ. "ಸುಮ್ನೆ ಒಂದ್ಕಡೆ ಕೂತ್ಕೊಳ್ಳೋಕೆ ಏನ್ರೀ ದಾಡಿ ನಿಮ್ಗೆ?" ಎನ್ನುತ್ತಾಳೆ ವನಜ.

ದಾಡಿ ಶುರುವಾದದ್ದು ಒಂದು ಫೋನಿನಿಂದ. ಬ್ರಿಸ್ಬೇನ್‌ನ ಸೇಂಟ್ ಲೂಸಿಯಾದಲ್ಲಿ ಯೂನಿವರ್ಸಿಟಿ ಕ್ಯಾಂಪಸ್ಸಿಗೆ ಹತ್ತಿರವೇ ಒಂದು ಸಂಗೀತ ಕೇಂದ್ರವಿತ್ತು. ಅಲ್ಲಿ ವಾದ್ಯಗಳನ್ನು ನೋಡಿಕೊಳ್ಳುವುದು, ಕಾರ್ಯಕ್ರಮಗಳಿಗೆ ಮೈಕ್ ಕಟ್ಟುವುದು ಇಪ್ಪತ್ತೆರಡು ವರ್ಷ ನನ್ನ ಕೆಲಸ. ಈಗ ಆ ಜಾಗಕ್ಕೆ ಬಂದಿರುವವಳು ಬೆಂಗಳೂರಿನ ಮೇಘನಾ. ಚುರುಕಾದ ಹುಡುಗಿ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಚುರುಕು.

"ಅಂಕಲ್, ಸಾರೋನ್‌ನಲ್ಲಿ ಮೂರು ಪಟ್ಟಿ ಕೆಳಗಡೆ ಫೈಲ್‌ನಲ್ಲಿ ಉಜ್ಜಿರೋ ಮಾರ್ಕ್ಸ್ ಇದೆ. ಮಿಕ್ಕಿದ್ದೆಲ್ಲ ಕಪ್ಪಾಗಿದೆ, ಇವು ಮಾತ್ರ ಬೇರೆ ಕಲರ್. ಕಂಡಿಷನ್ ರಿಪೋರ್ಟಲ್ಲಿ ಏನಂತ ಹಾಕ್ಲಿ? ಗುರುವಾರ ಕ್ರೇಟ್ ಕ್ಲೋಸ್ ಮಾಡಿ ಪರ್ತ್‌ಗೆ ಕಳಿಸ್ಬೇಕು."

"ನಾಳೆ ಹೇಳ್ತೀನಮ್ಮ," ಎಂದು ಫೋನಿಟ್ಟೆ. ಇಡುವ ಮೊದಲು ಆಕೆ, "ಈ ಕೆಲ್ಸದ ಬಗ್ಗೆ ಏನಾದ್ರೂ ಬರೆದಿಟ್ಟಿದೀರಾ? ಮ್ಯಾನ್ಯುಯಲ್ ಥರ?" ಎಂದೂ ಕೇಳಿದಳು. ಮ್ಯಾನ್ಯುಯಲ್ ಇಲ್ಲ. ಇದನ್ನೇ ಅವಳು ಮ್ಯಾನ್ಯುಯಲ್ ಎಂದುಕೊಳ್ಳಲಿ. ಬಡ್ತಿ, ಸನ್ಮಾನ, ವಿದಾಯದ ಕೇಕು ಇವೆಲ್ಲ ಎಲ್ಲರಿಗೂ ಆಗುವಂಥವು. ಕೆಲಸ ನಿಜವಾಗಿ ಏನಾಗಿತ್ತು ಎಂಬುದನ್ನು ಮಾತ್ರ ಬರೆಯುತ್ತೇನೆ.

ಸಾರೋನ್ ಎಂದರೆ ಮರದ ತೊಟ್ಟಿಯ ಮೇಲೆ ಸಾಲಾಗಿ ಜೋಡಿಸಿದ ಹದಿನಾಲ್ಕು ಕಂಚಿನ ಪಟ್ಟಿಗಳು. ಸಣ್ಣ ಸುತ್ತಿಗೆಯಲ್ಲಿ ಹೊಡೆದು ನುಡಿಸುವುದು. ಇದು ಸುಂದಾ ಜನರ ವಾದ್ಯ. ಸುಂದಾ ಇರುವುದು ಇಂಡೋನೇಷ್ಯಾದಲ್ಲಿ, ಜಾವಾ ದ್ವೀಪದ ಪಶ್ಚಿಮಕ್ಕೆ. ಅವರನ್ನು ಜಾವಾದವರು ಎಂದರೆ, ನಮ್ಮನ್ನು ಮದ್ರಾಸಿಗಳು ಎಂದಾಗ ನಾವು ಹೇಗೆ ಮುಖ ಗಂಟಿಕ್ಕುತ್ತೇವೋ ಹಾಗೇ ಗಂಟಿಕ್ಕುತ್ತಾರೆ. ಈ ಸಾರೋನ್ ಇಬು ನಿನಿಂಗ್ ಅವರದು. ಇಬು ಎಂದರೆ ಅಮ್ಮ, ಹಿರಿಯ ಹೆಂಗಸರನ್ನೆಲ್ಲ ಹಾಗೇ ಕರೆಯುವುದು. ಅವರ ತಂದೆ ಬಾಂಡುಂಗ್ ಹತ್ತಿರದ ಹಳ್ಳಿಯೊಂದರಲ್ಲಿ ನೃತ್ಯ ತಂಡ ಕಟ್ಟಿದ್ದರು. ತಂದೆ ಹಾಸಿಗೆ ಹಿಡಿದಾಗ ಮನೆಯವರು ವಾದ್ಯಗಳನ್ನು ಗುಜರಿಗೆ ಹಾಕತೊಡಗಿದರಂತೆ. ಇಬು ಓಡಿಹೋಗಿ ಉಳಿಸಿಕೊಂಡದ್ದು ಈ ಸಾರೋನ್, ಜಾಗಟೆಯಂಥ ಒಂದು ದೊಡ್ಡ ಗೋಂಗ್, ಮತ್ತು ಸಾರೋನ್‌ನ ಸ್ವರಕ್ಕೆ ಸರಿಯಾಗಿ ಅಪ್ಪ ಕೊರೆದಿದ್ದ ಒಂದು ಬಿದಿರಿನ ಕೊಳಲು. ಮಿಕ್ಕ ಕಂಚೆಲ್ಲ ಕರಗಿಹೋಯಿತು. ಗೋಂಗಿನದು ಒಂದೇ ಸ್ವರ. ಅಂದರೆ, ಆ ಹಳ್ಳಿಯ ತಂಡ ಯಾವ ಸ್ವರದಲ್ಲಿ ನುಡಿಯುತ್ತಿತ್ತು ಎಂಬುದಕ್ಕೆ ಉಳಿದ ಕಂಚಿನ ಸಾಕ್ಷಿ ಇದೊಂದೇ.

ಇಬು ಮೊದಲು ಬ್ರಿಸ್ಬೇನ್‌ನಲ್ಲೇ ಇದ್ದರು, ನಮ್ಮ ಕೇಂದ್ರದಲ್ಲಿ ಕಲಿಸುತ್ತಿದ್ದರು. ಆಮೇಲೆ ಮಗನ ಜೊತೆ ಪರ್ತ್‌ನ ಮೋರ್ಲಿಗೆ ಹೋದರು. ಕೊಳಲನ್ನು ಜೊತೆಗೆ ಒಯ್ದರು. ಸಾರೋನ್ ಮತ್ತು ಗೋಂಗನ್ನು ನನ್ನ ಸುಪರ್ದಿಗೆ ಬಿಟ್ಟು, ವರ್ಷಕ್ಕೆ ಎರಡು ಮೂರು ಸಲ ಶಿಬಿರಕ್ಕೆಂದು ಬಂದುಹೋಗುತ್ತಿದ್ದರು. ಒಮ್ಮೊಮ್ಮೆ ನಾನೇ ವಾದ್ಯಗಳನ್ನು ಕಟ್ಟಿಕೊಂಡು ಪರ್ತ್‌ಗೋ ಅಡಿಲೇಡ್‌ಗೋ ಹೋಗಬೇಕಾಗುತ್ತಿತ್ತು.

ನನಗೆ ಈ ಕೆಲಸ ಸಿಕ್ಕಿದ್ದಾದರೂ ಹೇಗೆ? ವನಜ ನರ್ಸು, ಅವಳ ವೀಸಾದ ಬಾಲ ಹಿಡಿದು ಬಂದವನು ನಾನು. ಕೇಂದ್ರದಲ್ಲಿ ಕೆಟ್ಟು ಕೂತಿದ್ದ ಸ್ಪೀಕರ್ ಸರಿಮಾಡಲು ಹೋದೆ, ಅಲ್ಲೇ ಉಳಿದುಬಿಟ್ಟೆ. ಮೈಸೂರಿನಲ್ಲಿ ನಮ್ಮಪ್ಪನಿಗೆ ಹಾರ್ಮೋನಿಯಂ ರಿಪೇರಿ ಅಂಗಡಿಯಿತ್ತು. ಹತ್ತನೇ ವಯಸ್ಸಿಗೇ ನಾನು ರೀಡು ಕೆರೆದು ಶ್ರುತಿ ಮಾಡುತ್ತಿದ್ದೆ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಶ್ರುತಿ ತಪ್ಪಿದ ಸ್ವರ ಕಿವಿಗೆ ಬಿದ್ದರೆ ನನಗೆ ಕೈ ತುರಿಸುತ್ತದೆ. ಇದನ್ನು ನಾನು ಬಹಳ ಕಾಲ ನನ್ನ ಅರ್ಹತೆ ಎಂದೇ ತಿಳಿದಿದ್ದೆ.

ನನ್ನ ಮೇಲಿನ ಅಧಿಕಾರಿ ಹೆಲೆನ್. ಬಿಳಿಕೂದಲಿನ, ಎತ್ತರದ ಹೆಂಗಸು. ಕೇಂದ್ರದಲ್ಲಿದ್ದ ಪ್ರತಿಯೊಂದಕ್ಕೂ ಲೇಬಲ್ ಅಂಟಿಸುವವಳು, ಚಹಾ ಕುಡಿಯುವ ಲೋಟವನ್ನೂ ಬಿಟ್ಟವಳಲ್ಲ. ಮೊದಲ ದಿನವೇ ನನ್ನನ್ನು ಉಗ್ರಾಣದಲ್ಲಿ ನಿಲ್ಲಿಸಿಕೊಂಡು, "ನಿನಗೆ ಗೊತ್ತಿಲ್ಲದ ವಾದ್ಯವನ್ನು ನೀನು ಹೇಗೂ ಮುಟ್ಟೋದಿಲ್ಲ ಗೋಪಿ. ಗೊತ್ತಿದೆ ಅನ್ನಿಸಿದ್ದನ್ನು ಮುಟ್ಟೋ ಮೊದಲು ನನ್ನ ಕೇಳು," ಎಂದಳು. ಇದೇನು ಅತಿ ಎಂದುಕೊಂಡೆ. ಹೆಲೆನ್, ಇಬು, ಡಾಡಾಂಗ್ ಇವರೆಲ್ಲರ ಜೊತೆ ನನ್ನ ಮಾತು ಇಂಗ್ಲಿಷಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಡಾಡಾಂಗ್ ಎಂದರೆ ಇಬು ಅವರ ಕೆಂಡಂಗ್ ವಾದಕ, ಆಮೇಲೆ ಅವರ ಹಿಂದೆಯೇ ಪರ್ತ್‌ಗೆ ಹೋದವನು. ಕೆಂಡಂಗ್ ನಮ್ಮ ಮೃದಂಗದ ಜಾತಿಯದೇ, ದೊಡ್ಡದೊಂದು, ಪಕ್ಕಕ್ಕೆ ಚಿಕ್ಕವು. ಮೊದಲ ತಾಲೀಮಿಗೆ ಮೈಕ್ ಇಡಲು ಬಗ್ಗಿ ನೋಡುತ್ತೇನೆ, ಆತ ಹಿಮ್ಮಡಿಯನ್ನು ಚರ್ಮದ ಮೇಲೆ ಒತ್ತಿಕೊಂಡು ಕೂತಿದ್ದಾನೆ. ನಮ್ಮ ಅಂಗಡಿಯಲ್ಲಿ ಹಾರ್ಮೋನಿಯಂ ಪೆಟ್ಟಿಗೆಗೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳದೆ ಮುಂದೆ ಹೆಜ್ಜೆ ಇಡುವಂತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. "ದಯವಿಟ್ಟು ಕಾಲು ತೆಗೀರಿ," ಎಂದು ಅವನ ಪಾದವನ್ನು ನಾನೇ ಎತ್ತಿ ಪಕ್ಕಕ್ಕಿಟ್ಟೆ. ಆತ ಹಾಗೇ ಬಾರಿಸಿದ. ನಾದವೆಲ್ಲ ಚಪ್ಪಟೆಯಾಗಿ ಬಿತ್ತು. ಕುಣಿಯುತ್ತಿದ್ದ ಹುಡುಗಿಯರು ನಿಂತುಬಿಟ್ಟರು.

"ಪಾಕ್ ಗೋಪಿ," ಎಂದ ಡಾಡಾಂಗ್. ಪಾಕ್ ಎಂದರೆ ಅವರಲ್ಲಿ ಗಂಡಸರಿಗೆ ಮರ್ಯಾದೆ. "ಇದು ಕಾಲಲ್ಲ. ನನ್ನ ಮೂರನೇ ಕೈ."

ಹಿಮ್ಮಡಿ ಒತ್ತಿದಷ್ಟೂ ನಾದ ಮೇಲೇರುತ್ತದೆ, ಸಡಿಲಿಸಿದರೆ ಜಾರಿ ಇಳಿಯುತ್ತದೆ. ಆ ಜಾರುವಿಕೆಗೇ ನರ್ತಕಿಯ ಭುಜ ತಿರುಗುವುದು, ಸೊಂಟ ನಿಲ್ಲುವುದು. ಅವನ ಕಣ್ಣು ಸದಾ ನರ್ತಕಿಯ ಮೇಲೆ. ಅವಳು ಕತ್ತು ಕೊಂಕಿಸಿದರೆ ಅಲ್ಲಿಗೊಂದು ಪೆಟ್ಟು, ಅವಳು ತಡೆದರೆ ಇವನೂ ತಡೆಯುತ್ತಾನೆ. ಇದನ್ನೆಲ್ಲ ಕಲಿತು, ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸುತ್ತ ಕೇಬಲ್ ಸುತ್ತಿಕೊಂಡು ಹೊರಟವನು ನೆಲದ ಮೇಲೆ ಮಲಗಿಸಿದ್ದ ಗೋಂಗನ್ನು ದಾಟಿಬಿಟ್ಟೆ. ತಂಡವೆಲ್ಲ ಉಸಿರು ಬಿಗಿಹಿಡಿಯಿತು. ವಾದ್ಯವನ್ನು ದಾಟುವುದು ಅವರಲ್ಲಿ ದೊಡ್ಡ ಅಪಚಾರ. ನಾನು ನಾಲಿಗೆ ಕಚ್ಚಿಕೊಂಡು ಗೋಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಇಬು ನಕ್ಕುಬಿಟ್ಟರು. ಅವರಿಗೆ ಆ ಕಣ್ಣಿಗೊತ್ತಿಕೊಳ್ಳುವುದು ಬಹಳ ಹಿಡಿಸಿತು.

ಇನ್ನೊಂದು ಸಲ ಪರ್ತ್ ವಿಮಾನ ನಿಲ್ದಾಣದಲ್ಲಿ ನನ್ನ ಜಾಣತನ ಬಯಲಾಯಿತು. ಕಾರ್ಯಕ್ರಮಕ್ಕೆ ಮುಂಚೆ ಇಬು ಗೋಂಗಿನ ಬಳಿ ಒಂದಿಷ್ಟು ಹೂವು, ಬಾಳೆಹಣ್ಣು, ಸಣ್ಣ ಲೋಟದಲ್ಲಿ ಕಾಫಿ ಇಡುತ್ತಾರೆ. ಅವರಿಗೆ ಓಡಾಟ ತಪ್ಪಲಿ ಎಂದು ನಾನು ಬ್ರಿಸ್ಬೇನ್‌ನಿಂದಲೇ ಹೂವು ಹಣ್ಣನ್ನು ಗೋಂಗಿನ ಪೆಟ್ಟಿಗೆಯಲ್ಲಿಟ್ಟು ತಂದಿದ್ದೆ. ಆ ರಾಜ್ಯಕ್ಕೆ ಹೊರಗಿನ ಹಣ್ಣು ಒಯ್ಯುವಂತಿಲ್ಲ ಎಂಬುದು ಊರಿಗೆಲ್ಲ ಗೊತ್ತು, ನನಗೂ ಗೊತ್ತಿತ್ತು. ಆದರೆ ಇದು ನೈವೇದ್ಯ, ಹಣ್ಣಲ್ಲ ಎಂದು ನನ್ನ ತಲೆಯಲ್ಲಿ ಯಾವುದೋ ಮೂಲೆ ತೀರ್ಮಾನಿಸಿತ್ತು. ತಪಾಸಣೆಯವರ ನಾಯಿ ಮೂಸುತ್ತ ಬಂದು ಪೆಟ್ಟಿಗೆಯ ಪಕ್ಕದಲ್ಲಿ ಕೂತಿತು. ಹಣ್ಣು ಹೋಯಿತು, ಹೂವು ಹೋಯಿತು, ಕೆಂಡಂಗಿನ ಚರ್ಮವನ್ನು ತಿರುಗಿಸಿ ತಿರುಗಿಸಿ ನೋಡಿದರು. ಎರಡು ಗಂಟೆ ಹೊರಗೆ ಕಾದ ಇಬು, "ಗೋಂಗ್‌ಗೆ ದಾರಿಯಲ್ಲಿ ಹಸಿವಾಗಿತ್ತು ಅಂತ ಹೇಳಬೇಕಿತ್ತು," ಎಂದರು. ಮೇಘನಾ, ಹೂವನ್ನು ಹೋದ ಊರಿನಲ್ಲೇ ಕೊಂಡುಕೋ.

ಅಡಿಲೇಡ್‌ನ ಕಥೆ ಬೇರೆ. ಬಯಲಿನಲ್ಲಿ ಒಂದು ಬಹುಸಂಸ್ಕೃತಿ ಹಬ್ಬ, ಸುಡು ಮಧ್ಯಾಹ್ನ. ಒಂದೊಂದು ತಂಡಕ್ಕೂ ಎಂಟು ನಿಮಿಷ. ಒಣಹವೆಗೆ ಕೆಂಡಂಗಿನ ಚರ್ಮ ಬಿಗಿದು ಕಿರುಚುತ್ತಿತ್ತು, ನಾನು ಒದ್ದೆಬಟ್ಟೆ ಹಿಡಿದು ಅದರ ಸೇವೆಯಲ್ಲಿದ್ದೆ. ಅಂದು ಇಬು ತಾವೇ ಕುಣಿದರು. ಆಗಲೇ ಅರವತ್ತು ದಾಟಿದ್ದರು. ಒಂದು ಕಡೆ ಕೈಯೆತ್ತಿ ನಿಂತವರು ನಿಂತೇ ಇದ್ದರು. ಡಾಡಾಂಗ್ ಅವರನ್ನೇ ನೋಡುತ್ತ ಹಿಮ್ಮಡಿಯಲ್ಲಿ ನಾದವನ್ನು ಎಳೆದು ಎಳೆದು ಹಿಡಿದ. ಜನ ಮಿಸುಕಲಿಲ್ಲ. ಅಷ್ಟರಲ್ಲಿ ಎಂಟು ನಿಮಿಷ ಮುಗಿಯಿತು, ವೇದಿಕೆಯವರು ಧ್ವನಿ ಆರಿಸಿಬಿಟ್ಟರು. ನಿರೂಪಕ ಮೈಕ್ ಹಿಡಿದು ಬಂದೂ ಬಿಟ್ಟ.

ಇಬು ಕದಲಲಿಲ್ಲ. ಅವರ ಸಂಗೀತದಲ್ಲಿ ಗೋಂಗ್ ಬೀಳದೆ ಯಾವುದೂ ಮುಗಿಯುವುದಿಲ್ಲ. ಗೋಂಗಿನ ಹುಡುಗಿ ಗಾಬರಿಬಿದ್ದು ಕೆಳಗಿಳಿದುಹೋಗಿದ್ದಳು. ನಿರೂಪಕ ಧನ್ಯವಾದ ಹೇಳಿದ, ಮತ್ತೊಮ್ಮೆ ಹೇಳಿದ. ಇಬು ಕೈಯೆತ್ತಿಕೊಂಡು ಹಾಗೇ ಇದ್ದಾರೆ, ಹಣೆಯ ಬೆವರು ಕಣ್ಣಿಗಿಳಿಯುತ್ತಿದೆ. ನಾನು ಒದ್ದೆಬಟ್ಟೆ ಬಿಸಾಕಿ ವೇದಿಕೆಗೆ ಓಡಿದೆ. ಡಾಡಾಂಗ್ ಕೊನೆಯ ಮುಕ್ತಾಯ ಬಾರಿಸಿ ನನ್ನ ಕಡೆ ಗದ್ದ ಎತ್ತಿದ, ನಾನು ಗೋಂಗ್ ಹೊಡೆದೆ. ಮೈಕಿಲ್ಲದೆಯೂ ಅದು ಹುಲ್ಲುಬಯಲಿನ ಆ ತುದಿಗೆ ಹೋಯಿತು. ಇಬು ಕೈ ಇಳಿಸಿದರು.

ಅಂದಿನಿಂದ ಅವರಿಗೆ ನನ್ನ ಮೇಲೆ ಪೂರ್ತಿ ನಂಬಿಕೆ. ಸಾರೋನ್ ಒರೆಸುವುದು, ಹಗ್ಗ ಬದಲಿಸುವುದು ಯಾವುದಕ್ಕೂ ಇನ್ನು ಕೇಳಬೇಕಾಗಿಲ್ಲ ಎಂದರು. ಹೆಲೆನ್‌ಗೂ ಹಾಗೇ ಹೇಳಿದರು. ನನಗೋ ಕೊಂಬು ಬಂತು.

ಅದಾದ ಎರಡನೇ ವರ್ಷ, ಅಂದರೆ ಈಗ್ಗೆ ಹನ್ನೊಂದು ವರ್ಷದ ಹಿಂದೆ, ಬ್ರಿಸ್ಬೇನ್‌ನ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವ ಬಂತು. ಸಾರೋನ್‌ನ ಸ್ವರಗಳನ್ನು ಕೇಳಿದಾಗೆಲ್ಲ ನನಗೆ ನಮ್ಮ ಗಂಭೀರನಾಟ ರಾಗ ನೆನಪಾಗುತ್ತಿತ್ತು. ಅದೇ ಐದು ಸ್ವರ, ಸರಿಸುಮಾರು ಅದೇ ಜಾಗಗಳು. ಭರತನಾಟ್ಯಕ್ಕೂ ಸುಂದಾ ನೃತ್ಯಕ್ಕೂ ಜೊತೆಯಾಗಿ ಒಂದು ಐಟಂ ಮಾಡಿದರೆ ಹೇಗೆ ಎಂದು ಮೂಗು ತೂರಿಸಿದವನು ನಾನೇ. ಎಲ್ಲರೂ ಒಪ್ಪಿದರು, ಇಬು ಪರ್ತ್‌ನಿಂದ ಬರುವುದೂ ಗೊತ್ತಾಯಿತು. ಅವರು ಬರುವ ಹಿಂದಿನ ದಿನ ಸಂಘದ ಹಾಡುಗಾರ್ತಿ ಸುಮಾ ಸಾರೋನ್ ಜೊತೆ ಹಾಡಿ ನೋಡಲು ಕೇಂದ್ರಕ್ಕೆ ಬಂದರು. ನಾಲ್ಕು ಸಾಲು ಹಾಡಿ ನಿಲ್ಲಿಸಿದರು.

"ಗೋಪಿಯವ್ರೇ, ಈ ಗಾಂಧಾರ ಎತ್ಲಾಗೋ ಹೋಗ್ತಿದೆ. ನಿಷಾದನೂ ಅಷ್ಟೇ. ನಂಗೆ ಶ್ರುತಿಗೆ ನಿಲ್ಲಕ್ಕೇ ಆಗ್ತಿಲ್ಲ. ಈ ಆಫ್ಟರ್‌ನೂನ್ ಒಳಗೆ ಏನಾದ್ರೂ ಮಾಡ್ತೀರಾ, ಇಲ್ಲಾ ಟ್ರ್ಯಾಕ್ ಹಾಕ್ಕೊಂಡ್ಬಿಡ್ಲಾ?"

ಹೆಲೆನ್ ರಜೆಯಲ್ಲಿದ್ದಳು. ಫೋನ್ ಮಾಡಬಹುದಿತ್ತು. ಇಬುಗೂ ಮಾಡಬಹುದಿತ್ತು. ಹಳೆಯ ಕಂಚು, ವರ್ಷಗಳು ಕಳೆದಂತೆ ಸ್ವರ ಜರುಗಿರಬೇಕು, ಪಾಪ ಅವರಿಗೆ ಗೊತ್ತಾಗಿಲ್ಲ ಎಂದುಕೊಂಡೆ. ಅಲ್ಲಿನ ಒಂದೊಂದು ತಂಡದ ಕಂಚಿಗೂ ಒಂದೊಂದು ಸ್ವರ, ಪಕ್ಕದ ಹಳ್ಳಿಯದಕ್ಕೂ ಇದಕ್ಕೂ ತಾಳೆಯಾಗಬಾರದು, ಅದೇ ಆ ತಂಡದ ಗುರುತು ಎಂದು ಇಬು ಎಷ್ಟೋ ಸಲ ಹೇಳಿದ್ದರು. ಕೇಳಿಸಿಕೊಂಡಿದ್ದೆ, ತಲೆಗೆ ಹೋಗಿರಲಿಲ್ಲ. ಕೈ ತುರಿಸುತ್ತಿತ್ತು. ಕಂಚಿನ ಪಟ್ಟಿಯ ಲೆಕ್ಕಾಚಾರವೂ ರೀಡಿನದೇ ಥರ. ಕೆಳಗಡೆ ನಡುಭಾಗ ಉಜ್ಜಿದರೆ ಸ್ವರ ಇಳಿಯುತ್ತದೆ, ತುದಿಗಳನ್ನು ಉಜ್ಜಿದರೆ ಏರುತ್ತದೆ. ಸುಮಾ ಹಾಡುವ ಸ್ಥಾಯಿಗೆ ಬೇಕಾದದ್ದು ಎರಡು ಗಾಂಧಾರ, ಒಂದು ನಿಷಾದ. ಸಣ್ಣ ಅರ ತೆಗೆದುಕೊಂಡು ಮೂರರ ನಡುಭಾಗಕ್ಕೂ ಹಾಕಿದೆ. ಫೋನಿನಲ್ಲಿ ಶ್ರುತಿ ತೋರಿಸುವ ಮೀಟರಿನ ಮುಳ್ಳು ನಟ್ಟನಡುವೆ ಬಂದು ನಿಂತಾಗ ಎಷ್ಟು ಖುಷಿಯಾಯಿತೆಂದರೆ ಒಬ್ಬನೇ ಕೂತು ಗಂಭೀರನಾಟ ನುಡಿಸಿಕೊಂಡೆ.

ಮಾರನೆಯ ದಿನ ಇಬು ಬಂದರು. ಸಾರೋನ್ ಮುಂದೆ ಕೂತು ಒಂದು ಸಲ ಮೇಲಿನಿಂದ ಕೆಳಗೆ ಹೊಡೆದರು. ಒಂದು ಪಟ್ಟಿಯ ಹತ್ತಿರ ಕೈ ನಿಂತಿತು. ಅದನ್ನೇ ಎರಡು ಸಲ, ಮೂರು ಸಲ ಹೊಡೆದರು.

"ಪಾಕ್ ಗೋಪಿ, ಇದು ಬದಲಾಗಿದೆಯಾ?"

ಆ ಕ್ಷಣದಲ್ಲಿ ನನಗೆ ಎಲ್ಲ ಅರ್ಥವಾಯಿತು. ನಾನು ತಿದ್ದಿದ್ದು ತಪ್ಪಿಹೋದ ಸ್ವರವನ್ನಲ್ಲ, ಅವರ ಅಪ್ಪ ಬೇಕೆಂದೇ ಇಟ್ಟ ಸ್ವರವನ್ನು. ಹೇಳಬೇಕಿತ್ತು. ಹೇಳಲಿಲ್ಲ. ಕೆಲಸ ಹೋಗುತ್ತದೆಂಬ ಭಯ ಇತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ಅಡಿಲೇಡ್‌ನಲ್ಲಿ ಗೋಂಗ್ ಹೊಡೆದವನಾಗಿಯೇ ಅವರ ಕಣ್ಣಲ್ಲಿ ಉಳಿಯಬೇಕಿತ್ತು ನನಗೆ. ಜೇಬಿನಿಂದ ಫೋನ್ ತೆಗೆದು ಮೀಟರ್ ಹಾಕಿದೆ. "ಹೊಡೀರಿ ಇಬು. ನೋಡಿ, ಮುಳ್ಳು ಸರಿಯಾಗಿ ಮಧ್ಯದಲ್ಲಿದೆ," ಎಂದೆ. ಅಕ್ಷರ ಹಿಡಿದು ನೋಡಿದರೆ ಅದರಲ್ಲಿ ಒಂದು ಸುಳ್ಳೂ ಇಲ್ಲ. ನನ್ನ ಜೀವಮಾನದಲ್ಲಿ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಹೇಳಿಲ್ಲ.

ಇಬು ಮುಳ್ಳನ್ನು ಬಹಳ ಹೊತ್ತು ನೋಡಿದರು. "ಸರಿ," ಎಂದರು. ವಾರ್ಷಿಕೋತ್ಸವದಲ್ಲಿ ನಮ್ಮ ಐಟಂಗೆ ಎಲ್ಲಕ್ಕಿಂತ ಜೋರು ಚಪ್ಪಾಳೆ ಬಿತ್ತು. ಬಿಸಿಬೇಳೆಬಾತ್ ಬಡಿಸುವ ಸಾಲಿನಲ್ಲಿ ಎಲ್ಲರೂ ನನ್ನ ಬೆನ್ನು ತಟ್ಟಿದರು.

ಕೆಲವು ತಿಂಗಳ ಮೇಲೆ ಇಬು ಪರ್ತ್‌ನಿಂದ ಫೋನ್ ಮಾಡಿ, ಬಾಂಡುಂಗ್‌ನ ಸ್ಟುಡಿಯೋಗಳಲ್ಲಿ ಮಾಡಿದ ರೆಕಾರ್ಡಿಂಗ್‌ಗಳನ್ನು ಕಳಿಸುತ್ತೇನೆ, ತರಗತಿಗೆ ಹೊಂದುವ ಹಾಗೆ ಕತ್ತರಿಸಿಕೊಡಿ ಎಂದರು. ಏನೋ ಋಣ ತೀರಿಸುವ ದಾರಿ ಸಿಕ್ಕಿತೆಂದು ರಜೆಯಲ್ಲೂ ಕೂತು ಕತ್ತರಿಸಿದೆ. ನಾನು ಕೆಲಸಕ್ಕೆ ಸೇರಿದಾಗ ಕ್ಯಾಸೆಟ್ಟು, ಆಮೇಲೆ ಸಿಡಿ, ಈಗ ಲ್ಯಾಪ್‌ಟಾಪು. ತಂಡ ಒಯ್ಯುವ ತೊಂದರೆಯಿಲ್ಲ, ಎಂಟು ನಿಮಿಷ ಎಂದರೆ ಎಂಟೇ ನಿಮಿಷ. ಆದರೆ ರೆಕಾರ್ಡಿಂಗ್ ಯಾರನ್ನೂ ನೋಡುವುದಿಲ್ಲ. ಮೊದಲು ವಾದಕ ನರ್ತಕಿಗೆ ಕಾಯುತ್ತಿದ್ದ, ಈಗ ನರ್ತಕಿ ಎಣಿಸಿಕೊಂಡು ಕುಣಿಯಬೇಕು. ಪರ್ತ್‌ಗೆ ಹೋದಾಗ ನೋಡಿದೆ, ಮೋರ್ಲಿಯ ಗ್ಯಾರೇಜಿನಲ್ಲಿ ಹುಡುಗಿಯರು ಸ್ಪೀಕರಿಗೆ ಕುಣಿಯುತ್ತಿದ್ದರು, ಕೆಂಡಂಗ್ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಡಾಡಾಂಗ್ ಅಲ್ಲಿನ ದೊಡ್ಡ ಶಾಪಿಂಗ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದ್ದ. ಬ್ರಿಸ್ಬೇನ್‌ನ ಶಿಬಿರಗಳೂ ನಿಂತವು. ಕಾಲ ಬದಲಾಯಿತು, ಕಲೆಯೂ ಬದಲಾಗಬೇಕು ಎಂದು ನಾನೇ ನಾಲ್ಕು ಕಡೆ ಭಾಷಣ ಬಿಗಿದೆ.

ಈಗ ಕೇಂದ್ರಕ್ಕೆ ಜಾಗ ಸಾಲದು, ಸಾಲ ತಂದ ವಾದ್ಯಗಳನ್ನೆಲ್ಲ ಹಿಂದಿರುಗಿಸುತ್ತಿದ್ದಾರೆ. ಸಾರೋನ್ ಮೋರ್ಲಿಗೆ ಹೋಗುತ್ತದೆ. ಅಲ್ಲಿ ಕೊಳಲಿದೆ. ಇಬು ಒಂದು ಸಲ ಊದಿ, ಒಂದು ಸಲ ಹೊಡೆದರೆ ಸಾಕು, ಎಲ್ಲ ಬಯಲು. ಮೇಘನಾಳ ಫೋನು ಬಂದ ಆ ಸಂಜೆ ವನಜಳಿಗೆ ಮೊದಲ ಬಾರಿ ಎಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು.

"ಇಷ್ಟ್ ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ರಾ?" ಎಂದಳು. "ಹೋಗಿ ಎದುರಿಗೇ ಹೇಳಿ. ಫೋನಲ್ಲಿ ಬೇಡ. ಅವರು ಬೈದ್ರೆ ನಿಂತ್ಕೊಂಡು ಬೈಸ್ಕೊಳ್ಳಿ."

ಮೇಘನಾಳಿಗೆ ಫೋನ್ ಮಾಡಿ, ಮೂರು ಪಟ್ಟಿಗಳಿಗೆ ಒಡತಿಯ ಒಪ್ಪಿಗೆಯಿಲ್ಲದೆ ಅರ ಹಾಕಿದವನು ಗೋಪಿ ಎಂದೇ ಬರೆ ಎಂದೆ. "ಆರ್ ಯೂ ಶ್ಯೂರ್, ಅಂಕಲ್?" ಎಂದಳು. ಬರೆದಳು.

ಇಬುಗೆ ಬರುತ್ತೇನೆಂದು ಮಾತ್ರ ತಿಳಿಸಿದ್ದೆ. ಕ್ರೇಟ್ ಬಂದಿದ್ದರೂ ಬಿಚ್ಚದೆ ನನಗಾಗಿ ಕಾದಿದ್ದರು. ಮಧ್ಯಾಹ್ನ ಮೂರರ ಹೊತ್ತು, ಗ್ಯಾರೇಜಿನ ಬಾಗಿಲು ಮೇಲೆತ್ತಿತ್ತು. ಡಾಡಾಂಗ್ ಅಂಗಡಿಯ ಯೂನಿಫಾರ್ಮಿನಲ್ಲೇ ಬಂದು ಮುಚ್ಚಳದ ಸ್ಕ್ರೂ ಬಿಚ್ಚಿಕೊಟ್ಟ. ಮೇಲುಗಡೆಯೇ ರಿಪೋರ್ಟಿನ ಕಾಗದ. ಇಬು ಕನ್ನಡಕ ಹಾಕಿಕೊಂಡು ಅದಕ್ಕೆ ಕೈ ಹಾಕಿದರು.

"ಓದೋ ಮೊದಲು ನಾನು ಹೇಳ್ತೀನಿ ಇಬು," ಎಂದು ನಿಂತುಕೊಂಡೇ ಎಲ್ಲ ಹೇಳಿದೆ. ಸುಮಾ ಹೇಳಿದ್ದನ್ನೂ ಹೇಳಿ, ಆಮೇಲೆ, ಅವರ ತಪ್ಪಿಲ್ಲ, ಕೈ ನನ್ನದು ಎಂದೂ ಹೇಳಿದೆ.

"ಆವತ್ತು ನಾನು ಕೇಳಿದ್ದೆ," ಎಂದರು ಇಬು.

"ಕೇಳಿದ್ರಿ. ನಾನು ಮೀಟರ್ ತೋರಿಸಿದೆ."

ಅವರು ಕ್ರೇಟಿನ ಅಂಚಿನ ಮೇಲೆ ಕೂತರು. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಬೈಯಲಿಲ್ಲ. "ಆವತ್ತು ವಾಪಸು ಬರೋವಾಗ ವಿಮಾನದಲ್ಲಿ ಅಪ್ಪನ ಸ್ವರವನ್ನ ನೆನಪು ಮಾಡಿಕೊಳ್ತಾ ಬಂದೆ. ನೆನಪಲ್ಲಿ ಒಂದು ಥರ, ಮುಳ್ಳಲ್ಲಿ ಇನ್ನೊಂದು ಥರ. ನನ್ನ ಕಿವಿ ಹೋಯ್ತು ಅಂದುಕೊಂಡೆ. ಮನೇಲಿ ಕೊಳಲಿತ್ತು. ಅದನ್ನ ಊದೋಕೂ ಹೆದರಿಕೆ, ಅದೂ ತಪ್ಪು ಅಂತ ಕೇಳಿಸಿದ್ರೆ ಏನು ಮಾಡೋದು ಅಂತ. ಕಿವಿ ಹೋದವಳು ಡಾಡಾಂಗ್‌ನ ಏನಂತ ತಿದ್ದಲಿ? ಅದಕ್ಕೇ ರೆಕಾರ್ಡಿಂಗ್ ತರಿಸಿದ್ದು. ಅದಕ್ಕೆ ನನ್ನ ಕಿವಿ ಬೇಕಾಗಿಲ್ಲ."

ಡಾಡಾಂಗ್ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. "ನನ್ನ ಕೈ ನಿಮಗೆ ಸಾಕಾಯ್ತು ಅಂದುಕೊಂಡಿದ್ದೆ ಇಬು," ಎಂದ. ಇಬು ಅವನ ಕಡೆ ತಿರುಗಿದರು. ಅವನು ಹೊರಗೆ ಹೋಗಿ ಗೋಡೆಗೊರಗಿ ನಿಂತುಬಿಟ್ಟ.

ಕಾಲ ಬದಲಾಯಿತು ಎಂದು ಭಾಷಣ ಮಾಡಿದ್ದೆನಲ್ಲ, ಬದಲಾಯಿಸಿದವನು ನಾನು. ಅತ್ತುಬಿಡಬೇಕು ಅನ್ನಿಸಿತು. ಅಲ್ಲಿ ಅಳುವ ಹಕ್ಕು ನನಗಿದೆ ಅನ್ನಿಸಲಿಲ್ಲ.

"ತುದಿಗಳನ್ನ ಉಜ್ಜಿದರೆ ಸ್ವರ ಮತ್ತೆ ಏರುತ್ತೆ ಇಬು," ಎಂದೆ. "ಅರ ತಂದಿದೀನಿ. ಅಪ್ಪನ ಕೊಳಲು ಕೊಟ್ಟರೆ ಅದಕ್ಕೆ ಹೊಂದಿಸ್ತೀನಿ."

ಅವರು ಒಳಗಿನಿಂದ ಬಟ್ಟೆ ಸುತ್ತಿದ ಕೊಳಲನ್ನು ತಂದರು. ಬಿಚ್ಚಿದರು, ತುಟಿಯವರೆಗೆ ಒಯ್ದರು. ಹಾಗೇ ಇಳಿಸಿ ಪಕ್ಕದ ಶೆಲ್ಫಿನ ಮೇಲಿಟ್ಟರು.

"ಬಿದಿರು ಈ ಊರಿನ ಹವೆಗೆ ಒಣಗಿದೆ, ಅದನ್ನ ನಂಬಬೇಡಿ," ಎಂದರು. "ನನ್ನ ಕಿವಿ ಸರಿಯಾಗಿತ್ತಲ್ಲ. ನಾನು ಹೇಳ್ತೀನಿ. ಕೂತ್ಕೊಳ್ಳಿ."

ನೆಲದ ಮೇಲೆ ಕೂತೆ. ಕೆಳಗಿನ ಗಾಂಧಾರದ ಪಟ್ಟಿ ತೆಗೆದು ತಿರುಗಿಸಿ ಎರಡು ತುದಿಗೂ ಮೆಲ್ಲಗೆ ಅರ ಆಡಿಸಿದೆ. ತೊಟ್ಟಿಯ ಮೇಲಿಟ್ಟು ಹೊಡೆದೆ. ಇಬು ಕಣ್ಣು ಮುಚ್ಚಿಕೊಂಡಿದ್ದರು.

"ಇನ್ನೂ."

ಮತ್ತೆ ಉಜ್ಜಿದೆ, ಮತ್ತೆ ಹೊಡೆದೆ.

"ಇನ್ನೂ ಸ್ವಲ್ಪ."

ಹೀಗೆ ಎಷ್ಟು ಸಲವೋ. ಕಂಚಿನ ಪುಡಿ ನನ್ನ ಪ್ಯಾಂಟಿನ ಮೇಲೆಲ್ಲ ಉದುರಿತ್ತು. ಹಿಂದಿನ ಮನೆಯವರು ಹುಲ್ಲು ಕತ್ತರಿಸುವ ಮಿಷನ್ ಶುರು ಮಾಡಿದರು. ಇಬು ಕೈಯೆತ್ತಿ ನನ್ನನ್ನು ತಡೆದು, ಅದು ನಿಲ್ಲುವವರೆಗೂ ಕಣ್ಣು ಬಿಡದೆ ಕಾದರು. ನಿಂತ ಮೇಲೆ ಹೊಡೆಯಿರಿ ಎಂದು ಸನ್ನೆ ಮಾಡಿದರು. ಹೊಡೆದೆ.

"ಸಾಕು," ಎಂದರು.

ಸಾಲದು. ಕೂದಲೆಳೆಯಷ್ಟು ಆಚೀಚೆ ಇದೆ ಎಂದು ನನ್ನ ಕಿವಿ ಕೂಗಿ ಹೇಳುತ್ತಿತ್ತು. ಕೈ ತುರಿಸುತ್ತಿತ್ತು. ನಾನು ಅರ ಕೆಳಗಿಟ್ಟೆ.

ಇಬು ಕಣ್ಣು ಬಿಟ್ಟರು. ನನ್ನನ್ನು ನೋಡಲಿಲ್ಲ. ಬಾಗಿಲಿನ ಕಡೆ ತಿರುಗಿ, "ಡಾಡಾಂಗ್, ಕೆಂಡಂಗ್ ಈಚೆ ತಗೊಂಡು ಬಾ," ಎಂದರು. ಅವನು ಒಳಗೆ ಬಂದು ಬೂಟು ಬಿಚ್ಚತೊಡಗಿದ.

"ಎರಡನೇದು ತೆಗೀರಿ," ಎಂದರು ನನಗೆ.